ಕ್ಯಾಲಿಪರ್ ಕೆಡಿಸದೆ ಬ್ರೇಕ್ ಪ್ಯಾಡ್ ಬದಲಿಸಲು: ಮನೆಯಲ್ಲೇ ಮಾಡಿಕೊಳ್ಳುವ ಸಾಧನಗಳಲ್ಲಿ ಯಾವುದು ಯಾವ ಗಾಡಿಗೆ

ಎರಡು ಬೋಲ್ಟ್ ಬಿಚ್ಚಿ, ಸವೆದ ಪ್ಯಾಡ್‌ಗಳನ್ನು ಹೊರತೆಗೆದು, ಹೊಸ ಜೋಡಿಯನ್ನು ಕೂರಿಸಿ, ಅವುಗಳನ್ನು ಒತ್ತಿಹಿಡಿಯುವ ಕ್ಯಾಲಿಪರನ್ನು ಚಕ್ರದೊಂದಿಗೆ ತಿರುಗುವ ಡಿಸ್ಕಿನ ಮೇಲೆ ಮತ್ತೆ ಇಳಿಸಲು ಹೋದಾಗ ಅದು ಇಳಿಯುವುದೇ ಇಲ್ಲ. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದವರೆಲ್ಲರೂ ಇಲ್ಲಿಗೆ ಬಂದು ನಿಲ್ಲುತ್ತಾರೆ. ಪ್ಯಾಡ್ ಸವೆದಂತೆಲ್ಲ, ಅದನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಂದು ಆ ಖಾಲಿಯನ್ನು ತುಂಬಿರುತ್ತದೆ; ದಪ್ಪಗಿನ ಹೊಸ ಪ್ಯಾಡಿಗೆ ಜಾಗ ಬೇಕಾದರೆ ಅದನ್ನು ತನ್ನ ಗೂಡಿನೊಳಕ್ಕೆ ಮರಳಿ ತಳ್ಳಲೇಬೇಕು. ಗ್ಯಾರೇಜುಗಳಲ್ಲಿ ಅದಕ್ಕೆಂದೇ ಸಾಧನವಿರುತ್ತದೆ. ಮನೆಯಂಗಳದಲ್ಲಿ ಕೆಲಸ ಮಾಡುವ ನಾವು ಕೈಗೆ ಸಿಕ್ಕಿದ ಸ್ಕ್ರೂಡ್ರೈವರ್, ಬಡಗಿಯ ಕ್ಲ್ಯಾಂಪ್, ಮರದ ಬೆಣೆ, ವೆಲ್ಡಿಂಗ್ ಅಂಗಡಿಯ ಕಬ್ಬಿಣದ ಚೂರು, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತೇವೆ. ಇವುಗಳಲ್ಲಿ ಕೆಲವು ಕ್ಯಾಲಿಪರನ್ನು ವರ್ಷಗಟ್ಟಲೆ ಉಳಿಸುತ್ತವೆ, ಕೆಲವು ಅದನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತವೆ.

ಆಯ್ಕೆಗೆ ಮೊದಲು ಒಂದು ಸಣ್ಣ ಲೆಕ್ಕ ಮನಸ್ಸಿನಲ್ಲಿರಲಿ. ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿ ಸಾಮಾನ್ಯವಾಗಿ ಒಂದೇ ಪಿಸ್ಟನ್ ಇರುವ, ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್ ಇರುತ್ತದೆ. ಒಳಗಿನ ಮತ್ತು ಹೊರಗಿನ ಎರಡೂ ಪ್ಯಾಡ್‌ಗಳ ಸವೆತವನ್ನು ಅದೊಂದೇ ಪಿಸ್ಟನ್ ತುಂಬಿಕೊಡಬೇಕಾಗುತ್ತದೆ. ಹೊಸ ಪ್ಯಾಡಿನ ಉಜ್ಜುವ ಪದರ 10 ಮಿ.ಮೀ. ಇದ್ದು, 3 ಮಿ.ಮೀ. ಉಳಿದಾಗ ನೀವು ಬದಲಿಸುತ್ತಿದ್ದರೆ, ಒಂದೊಂದರಲ್ಲಿ 7ರಂತೆ ಒಟ್ಟು 14 ಮಿ.ಮೀ. ದೂರ ಪಿಸ್ಟನ್ ಹಿಂದೆ ಸರಿಯಬೇಕು. ಪಿಸ್ಟನ್ನಿನ ಅಡ್ಡಳತೆ 51 ಮಿ.ಮೀ. ಎಂದಿಟ್ಟುಕೊಂಡರೆ ಅಷ್ಟು ದೂರಕ್ಕೆ ಸುಮಾರು 28.6 ಮಿ.ಲೀ. ಬ್ರೇಕ್ ಆಯಿಲ್ ಕೊಳವೆಯಲ್ಲಿ ಹಿಂದಕ್ಕೆ ಹೋಗಿ ಬಾನೆಟ್ ಕೆಳಗಿನ ಡಬ್ಬಿಗೆ ಏರುತ್ತದೆ. ಎರಡು ಚಕ್ರಕ್ಕೆ ಸೇರಿ ಇದು ಸುಮಾರು 57 ಮಿ.ಲೀ. ಆಗುತ್ತದೆ. ಆಯಿಲ್ ಕಡಿಮೆಯಾಗಿದೆಯೆಂದು ನಡುವೆ ಯಾರಾದರೂ ಡಬ್ಬಿಯನ್ನು ಅಂಚಿನವರೆಗೆ ತುಂಬಿಸಿದ್ದರೆ ಅದು ಉಕ್ಕಿ ಪೇಂಟಿನ ಮೇಲೆ ಹರಿಯುತ್ತದೆ. ಆಯಿಲ್ ಎಂದು ಕರೆದರೂ ಡಾಟ್ 3 ಮತ್ತು ಡಾಟ್ 4 ಎಂಬ ದರ್ಜೆಗಳ ದ್ರವಗಳು ಎಣ್ಣೆಯ ಜಾತಿಯವಲ್ಲ, ಗ್ಲೈಕಾಲ್ ಆಧಾರಿತ. ಪೇಂಟನ್ನು ತಿನ್ನುತ್ತವೆ, ನೀರಿನಿಂದ ತೊಳೆದರೆ ಹೋಗುತ್ತವೆ. ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜ್ ನಮ್ಮ ಮೊದಲ ಸಾಧನ. ಪಿಸ್ಟನ್ ತಳ್ಳುವ ಮೊದಲೇ ಡಬ್ಬಿಯಿಂದ ಸ್ವಲ್ಪ ದ್ರವವನ್ನು ಎಳೆದುಕೊಂಡರೆ ಆ ತಲೆನೋವು ಮುಗಿಯಿತು.

ಕರಾವಳಿಯಲ್ಲಿ ಪಿಸ್ಟನ್ನಿಗೆ ಇನ್ನೊಂದು ಕಷ್ಟವಿದೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರು ನಮ್ಮದು. ಮಲ್ಪೆ, ಕಾಪು, ಪಣಂಬೂರುಗಳಂಥ ಕಡಲ ಬದಿಯಲ್ಲಿ ರಾತ್ರಿ ನಿಲ್ಲಿಸಿದ ಗಾಡಿಯ ಡಿಸ್ಕ್ ಬೆಳಿಗ್ಗೆ ಕೆಂಪಾಗಿರುವುದು ಎಲ್ಲರೂ ಕಂಡದ್ದೇ. ಆ ತುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಆದರೆ ಪಿಸ್ಟನ್ನಿನ ಸುತ್ತ ಇರುವ ತೆಳುವಾದ ರಬ್ಬರ್ ಬೂಟ್ ಎಲ್ಲಿಯಾದರೂ ಹರಿದಿದ್ದರೆ ಆ ನೀರು ಒಳಸೇರಿ, ಪಿಸ್ಟನ್ನಿನ ನಯವಾದ ಲೇಪದ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಕೂರುತ್ತದೆ. ನನ್ನ ಹಳೆಯ ಕಾರಿನಲ್ಲಿ ಹೀಗೇ ಆಯಿತು. ಮೇ ತಿಂಗಳಲ್ಲಿ ಒಂದು ಗ್ಯಾರೇಜಿನಲ್ಲಿ ಉದ್ದ ಸ್ಕ್ರೂಡ್ರೈವರಿನಿಂದ ಮೀಟಿ ಪಿಸ್ಟನ್ ಒಳಹಾಕಿದ್ದರು. ಬೂಟಿನ ಮಡಿಕೆಯಲ್ಲಿ ಉಗುರಿನಷ್ಟು ಸೀಳು ಬಿದ್ದದ್ದು ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಎಡಗಡೆಯ ಚಕ್ರ ಮುಟ್ಟಲಾಗದಷ್ಟು ಬಿಸಿಯಾಗತೊಡಗಿತು. ಪಿಸ್ಟನ್ ಹಿಡಿದು ಕುಳಿತಿತ್ತು, ಪ್ಯಾಡ್ ಒಂದೇ ಕಡೆ ಸವೆದಿತ್ತು, ಕೊನೆಗೆ ಕ್ಯಾಲಿಪರನ್ನೇ ಬದಲಿಸಬೇಕಾಯಿತು. ಅಂದಿನಿಂದ ಸಾಧನವನ್ನು ಅದರ ಬಲದಿಂದ ಅಳೆಯುವುದನ್ನು ಬಿಟ್ಟೆ. ಅದು ನೆಟ್ಟಗೆ ತಳ್ಳುತ್ತದೆಯೇ, ನಿಧಾನವಾಗಿ ತಳ್ಳುತ್ತದೆಯೇ, ಒಳಗೆ ಏನೋ ತಡೆಯುತ್ತಿದ್ದರೆ ಅದನ್ನು ನನ್ನ ಕೈಗೆ ತಿಳಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನಷ್ಟೇ ಕೇಳುತ್ತೇನೆ.

ಮೀಟುವ ಸಾಧನಗಳು

ಸ್ಕ್ರೂಡ್ರೈವರ್, ಟೈರ್ ಲಿವರ್, ಚಿಕ್ಕ ಹಾರೆ, ಇವೆಲ್ಲ ಒಂದೇ ಗುಂಪು. ಊರೂರಿನಲ್ಲೂ ಹೆಚ್ಚು ಬಳಕೆಯಲ್ಲಿರುವುದು ಇದೇ ವಿಧಾನ, ಏಕೆಂದರೆ ಇದಕ್ಕೆ ಖರ್ಚಿಲ್ಲ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಮೂವತ್ತು ಸೆಂಟಿಮೀಟರ್ ಉದ್ದದ ಸ್ಕ್ರೂಡ್ರೈವರನ್ನು ತುದಿಯಿಂದ ಒಂದು ಸೆಂಟಿಮೀಟರ್ ದೂರದ ಆನಿಕೆಯ ಮೇಲೆ ಮೀಟಿದರೆ ನಿಮ್ಮ ಕೈಯ ಬಲ ತುದಿಯಲ್ಲಿ ಇಪ್ಪತ್ತೈದು ಮೂವತ್ತು ಪಟ್ಟಾಗುತ್ತದೆ, ಮತ್ತು ಅಷ್ಟೂ ಬಲ ಪಿಸ್ಟನ್ನಿನ ಅಂಚಿನ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಪಿಸ್ಟನ್ ಮತ್ತು ಗೂಡಿನ ನಡುವಿನ ಸಂದು ಬಹಳ ಕಿರಿದಾದುದರಿಂದ ಒಂದು ಬದಿಯಲ್ಲಿ ತಳ್ಳಿದ ಪಿಸ್ಟನ್ ಓರೆಯಾಗಿ, ಹಳೆಯ ಮರದ ಮೇಜಿನ ಸೆಳೆಖಾನೆಯಂತೆ ಸಿಕ್ಕಿಕೊಳ್ಳುತ್ತದೆ. ಆಗ ಇನ್ನಷ್ಟು ಬಲ ಹಾಕಿದವನಿಗೆ ಗೂಡಿನ ಗೋಡೆಯ ಮೇಲೆ ಗೀರು ಸಿಗುತ್ತದೆ. ಕೆಲವು ಗಾಡಿಗಳಲ್ಲಿ ಪಿಸ್ಟನ್ ಉಕ್ಕಿನದ್ದಾಗಿರದೆ ಫಿನಾಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದಾಗಿರುತ್ತದೆ. ಅದಕ್ಕೆ ತುಕ್ಕಿನ ಭಯವಿಲ್ಲ, ಆದರೆ ಅಂಚಿನಲ್ಲಿ ಮೀಟಿದರೆ ಚಕ್ಕೆ ಏಳುತ್ತದೆ.

ಈ ಗುಂಪಿನಲ್ಲಿ ನಾನು ಒಪ್ಪುವ ಬಳಕೆ ಒಂದೇ: ಕ್ಯಾಲಿಪರನ್ನು ಇನ್ನೂ ಬಿಚ್ಚದೆ, ಹಳೆಯ ಪ್ಯಾಡ್‌ಗಳು ಸ್ಥಳದಲ್ಲೇ ಇರುವಾಗ, ಕ್ಯಾಲಿಪರಿನ ಮೈಯನ್ನು ಎರಡೂ ಕೈಗಳಿಂದ ಹಿಡಿದು ಹೊರಮುಖವಾಗಿ ಎಳೆಯುವುದು. ಲಿವರ್ ಕೂಡ ಬೇಡ. ಪಿಸ್ಟನ್ ಆರೋಗ್ಯವಾಗಿದ್ದರೆ ಇಷ್ಟಕ್ಕೇ ಎರಡು ಮೂರು ಮಿಲಿಮೀಟರ್ ಹಿಂದೆ ಸರಿದು, ತುಕ್ಕು ಅಂಚು ಕಟ್ಟಿದ ಡಿಸ್ಕಿನಿಂದ ಕ್ಯಾಲಿಪರ್ ಸಲೀಸಾಗಿ ಮೇಲೇಳುತ್ತದೆ. ಡಿಸ್ಕನ್ನೇ ಆನಿಕೆಯಾಗಿ ಬಳಸಿ ಮೀಟುವವರಿದ್ದಾರೆ. ಒಳಗೆ ಗಾಳಿಗಂಡಿಗಳಿರುವ ಡಿಸ್ಕಿನ ಆ ಗಂಡಿಗಳಿಗೆ ಲಿವರ್ ತೂರಿಸುವುದನ್ನಂತೂ ದಯವಿಟ್ಟು ಮಾಡಬೇಡಿ.

ನೀರಿನ ಪೈಪಿಗೆ ಬಳಸುವ ದೊಡ್ಡ ಬಾಯಿಯ ಪ್ಲೈಯರ್ ಕೂಡ ಇದೇ ಕುಟುಂಬದ್ದು. ಒಂದು ದವಡೆ ಕ್ಯಾಲಿಪರಿನ ಬೆನ್ನಿಗೆ, ಇನ್ನೊಂದು ಪಿಸ್ಟನ್ನಿನ ಅಂಚಿಗೆ ಆನುವುದರಿಂದ ಎಳೆತ ಯಾವಾಗಲೂ ಓರೆಯಾಗಿಯೇ ಇರುತ್ತದೆ. ಸಣ್ಣ ಬೈಕಿನ ಕ್ಯಾಲಿಪರಿಗೆ, ನಡುವೆ ಮರದ ಚೂರು ಇಟ್ಟು ಬಳಸಬಹುದು, ಕಾರಿಗೆ ಬೇಡ.

ಬಡಗಿಯ ಜಿ ಕ್ಲ್ಯಾಂಪ್

ಕಾರಿನ ಮುಂದಿನ ಚಕ್ರಕ್ಕೆ ನನ್ನ ಆಯ್ಕೆ ಇದು, ಮತ್ತು ಇದರಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ. ಕೆಲವರು ಇದನ್ನು ಸಿ ಕ್ಲ್ಯಾಂಪ್ ಎನ್ನುತ್ತಾರೆ. ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಲ್ಲ ಅಳತೆಗಳಲ್ಲೂ ಸಿಗುತ್ತದೆ. ಪಕ್ಕದ ಮನೆಯಲ್ಲಿ ಮರದ ಕೆಲಸ ನಡೆಯುತ್ತಿದ್ದರೆ ಒಂದು ಸಂಜೆಗೆ ಕೇಳಿ ತಂದರೂ ಆಯಿತು. 4 ಇಂಚಿನದು ಬೆಲೆಗೆ ಅಗ್ಗವೆಂದು ಕೊಳ್ಳಬೇಡಿ. ಕ್ಲ್ಯಾಂಪಿನ ಬಾಯಿ ಕ್ಯಾಲಿಪರಿನ ಬೆನ್ನಿನಿಂದ ಹಿಡಿದು ಹೊರಬಂದ ಪಿಸ್ಟನ್ ಮತ್ತು ಅದರ ಮೇಲಿಟ್ಟ ಹಳೆಯ ಪ್ಯಾಡನ್ನೂ ಸೇರಿಸಿ ಒಳಗೊಳ್ಳಬೇಕು. ಹೆಚ್ಚಿನ ಸಣ್ಣ ಕಾರುಗಳಿಗೆ 6 ಇಂಚಿನದು ಸರಿಹೋಗುತ್ತದೆ.

ಇದನ್ನು ಪೂರ್ಣ ಸಾಧನವಾಗಿ ಮಾಡುವುದು ಹಳೆಯ ಪ್ಯಾಡ್. ಬಿಚ್ಚಿದ ಒಳಗಿನ ಪ್ಯಾಡನ್ನೇ ಉಕ್ಕಿನ ಬೆನ್ನು ಪಿಸ್ಟನ್ನಿಗೆ ತಾಗುವಂತೆ ಇಟ್ಟು, ಕ್ಲ್ಯಾಂಪಿನ ತಿರುಪಿನ ತುದಿಯ ಬಿಲ್ಲೆಯನ್ನು ಆ ಪ್ಯಾಡಿನ ಮೇಲೆ, ಪಿಸ್ಟನ್ನಿನ ಸರಿಮಧ್ಯದ ನೇರಕ್ಕೆ ಆನಿಸಿ. ಪ್ಯಾಡ್ ಇಲ್ಲದೆ ತಿರುಪಿದರೆ ಬಿಲ್ಲೆ ಪಿಸ್ಟನ್ನಿನ ಟೊಳ್ಳಿನೊಳಗೆ ಇಳಿದು ತಳವನ್ನು ಒತ್ತುತ್ತದೆ, ಅಥವಾ ಅಂಚಿಗೆ ಜಾರಿ ಮತ್ತೆ ಓರೆ ಮಾಡುತ್ತದೆ. ಕ್ಲ್ಯಾಂಪಿನ ಇನ್ನೊಂದು ದವಡೆ ಕ್ಯಾಲಿಪರಿನ ಬೆನ್ನಿನ ಗಟ್ಟಿಯಾದ ಚಪ್ಪಟೆ ಭಾಗದ ಮೇಲೆ ಕೂರಬೇಕು. ಅಲ್ಲಿ ಬ್ರೇಕ್ ಹೋಸ್ ಸೇರುವ ಬೋಲ್ಟ್ ಮತ್ತು ಏರ್ ಬಿಡುವ ನಿಪ್ಪಲ್ ಇರುತ್ತವೆ. ದವಡೆಯನ್ನು ಅವುಗಳ ಮೇಲೆ ಆನಿಸಿದವರು ಪಿಸ್ಟನ್ ಉಳಿಸಲು ಹೋಗಿ ನಿಪ್ಪಲ್ ಮುರಿದ ಉದಾಹರಣೆಗಳಿವೆ.

ಬಲದ ಲೆಕ್ಕದಲ್ಲಿ ಕ್ಲ್ಯಾಂಪ್ ಏನೂ ಸೌಮ್ಯ ಸಾಧನವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೈಭಾರ ಹಾಕಿ ತಿರುಗಿಸಿದರೆ ಅದೂ ಸ್ಕ್ರೂಡ್ರೈವರಿಗಿಂತ ಹೆಚ್ಚಿನ ಬಲವನ್ನೇ ಹುಟ್ಟಿಸುತ್ತದೆ. ಅದರ ಗುಣ ಇರುವುದು ದಿಕ್ಕಿನಲ್ಲಿ ಮತ್ತು ವೇಗದಲ್ಲಿ: ಒಂದು ಸುತ್ತಿಗೆ ಎರಡು ಮೂರು ಮಿಲಿಮೀಟರ್ ಮಾತ್ರ ಮುಂದೆ ಹೋಗುತ್ತದೆ, ಕೈಬಿಟ್ಟರೆ ಅಲ್ಲೇ ನಿಲ್ಲುತ್ತದೆ, ಜಿಗಿಯುವುದಿಲ್ಲ. ನಾನು ಅದರ ಹಿಡಿಯನ್ನು ಎರಡು ಬೆರಳಿನಲ್ಲಿ ಮಾತ್ರ ಹಿಡಿಯುತ್ತೇನೆ. ಕಾಲು ಸುತ್ತು ತಿರುಗಿಸಿ, ದ್ರವ ಹಿಂದೆ ಹರಿಯಲು ಎರಡು ಕ್ಷಣ ಬಿಟ್ಟು, ಮತ್ತೆ ಕಾಲು ಸುತ್ತು. ಎರಡು ಬೆರಳಿಗೆ ಬಗ್ಗದ ಪಿಸ್ಟನ್ ಕಂಡರೆ ಮೂರನೆಯ ಬೆರಳು ಸೇರಿಸುವ ಬದಲು ನಿಲ್ಲಿಸುತ್ತೇನೆ, ಏಕೆಂದರೆ ಸುಸ್ಥಿತಿಯಲ್ಲಿರುವ ಪಿಸ್ಟನ್ ನಿಧಾನವಾಗಿ ತಳ್ಳಿದಾಗ ದೊಡ್ಡ ಬಲವನ್ನು ಕೇಳುವುದೇ ಇಲ್ಲ.

ಆಗ ಕಾರಣ ಎರಡರಲ್ಲಿ ಒಂದು. ನಿಪ್ಪಲನ್ನು ಸ್ವಲ್ಪ ಸಡಿಲಿಸಿ, ಅದಕ್ಕೆ ಪಾರದರ್ಶಕ ಟ್ಯೂಬ್ ಹಾಕಿ ಬಾಟಲಿಗೆ ಬಿಟ್ಟು ಮತ್ತೆ ತಳ್ಳಿ ನೋಡಿ. ಈಗ ಸಲೀಸಾಗಿ ಹೋದರೆ ಪಿಸ್ಟನ್ನಿನಲ್ಲಿ ದೋಷವಿಲ್ಲ. ಹೋಸ್ ಒಳಗೊಳಗೇ ಊದಿ ದಾರಿ ಮುಚ್ಚಿದೆ ಎಂದು ಶಂಕಿಸಬೇಕು. ಆಗಲೂ ಹೋಗದಿದ್ದರೆ ಪಿಸ್ಟನ್ ಹಿಡಿದಿದೆ, ಯಾವ ಕ್ಲ್ಯಾಂಪಿನಿಂದಲೂ ಅದಕ್ಕೆ ಪರಿಹಾರವಿಲ್ಲ, ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ನಿನ ಸುತ್ತ ದ್ರವ ಸೋರದಂತೆ ತಡೆಯುವ ರಬ್ಬರ್ ಸೀಲ್ ಬದಲಿಸಬೇಕು. ಈ ಪರೀಕ್ಷೆ ಮೀಟುವವನಿಗೆ ದಕ್ಕುವುದಿಲ್ಲ.

ನಿಪ್ಪಲ್ ತೆರೆದು ತಳ್ಳುವುದೇ ಯಾವಾಗಲೂ ಸರಿ ಎಂಬ ಪಕ್ಷವೂ ಇದೆ. ಕ್ಯಾಲಿಪರಿನಲ್ಲಿ ತಂಗಿದ್ದ ಕೊಳೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಘಟಕದ ಕಡೆಗೆ ಹಿಂದಕ್ಕೆ ಹೋಗದಿರಲಿ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೆ ನಮ್ಮ ಕಡಲ ತೀರದಲ್ಲಿ ವರ್ಷಗಳಿಂದ ಮುಟ್ಟದ ನಿಪ್ಪಲ್ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ, ತಿರುಗಿಸಿದರೆ ಕುತ್ತಿಗೆಯಲ್ಲೇ ಮುರಿಯುತ್ತದೆ. ಜೊತೆಗೆ ಹೊಸಬರ ಕೈಯಲ್ಲಿ ಗಾಳಿ ಒಳಸೇರುವ ಸಾಧ್ಯತೆಯೂ ಇದೆ. ಡಬ್ಬಿಯಲ್ಲಿನ ದ್ರವ ತಿಳಿ ಜೇನಿನ ಬಣ್ಣದಲ್ಲಿದ್ದರೆ ನಿಪ್ಪಲ್ ಮುಟ್ಟದೆ ತಳ್ಳಿ. ಕಪ್ಪು ಚಹಾದಂತಿದ್ದರೆ ದ್ರವವನ್ನೇ ಪೂರ್ತಿ ಬದಲಿಸುವ ಸಮಯ ಬಂದಿದೆ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ: ಡಾಟ್ 4ರ ಕುದಿಬಿಂದು ಹೊಸತರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ನೀರು ಹೀರಿದ ಸ್ಥಿತಿಗೆ ಆ ಮಿತಿ 155 ಮಾತ್ರ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವ ಗಾಡಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಬೋಲ್ಟ್ ಮತ್ತು ಉದ್ದ ನಟ್ಟಿನ ಜಾಕ್

ಇದನ್ನು ನಾನೇ ಮಾಡಿ ನೋಡಿದ್ದೇನೆ, ಮಾಡುವಾಗ ಬಹಳ ಹೆಮ್ಮೆಪಟ್ಟಿದ್ದೇನೆ, ಬಳಸುವಾಗ ಸ್ವಲ್ಪ ನಾಚಿಕೊಂಡಿದ್ದೇನೆ. ಎಂ12 (12 ಮಿ.ಮೀ. ಅಡ್ಡಳತೆಯ) ಬೋಲ್ಟ್ ಒಂದನ್ನು ಎರಡು ರಾಡ್‌ಗಳನ್ನು ಜೋಡಿಸಲು ಬಳಸುವ ಉದ್ದ ನಟ್ಟಿನೊಳಗೆ ಪೂರ್ತಿ ತಿರುಪಿ, ಎರಡು ಕಬ್ಬಿಣದ ಪಟ್ಟಿಗಳ ನಡುವೆ ಇಟ್ಟು, ಎರಡು ಸ್ಪ್ಯಾನರ್‌ಗಳಿಂದ ಬೋಲ್ಟನ್ನು ಹೊರಕ್ಕೆ ತಿರುಪುತ್ತ ಹೋದರೆ ಪಟ್ಟಿಗಳು ಅಗಲುತ್ತವೆ. ಒಂದು ಸುತ್ತಿಗೆ 1.75 ಮಿ.ಮೀ.ನಷ್ಟು. ಪಟ್ಟಿಗಳು ಪಿಸ್ಟನ್ನಿನ ಇಡೀ ಮುಖವನ್ನು ಒಮ್ಮೆಗೇ ಒತ್ತುವುದರಿಂದ ಓರೆಯಾಗುವ ಭಯ ಕಡಿಮೆ, ಕೈಗೆ ಸಿಗುವ ಸುಳಿವು ಕ್ಲ್ಯಾಂಪಿಗಿಂತಲೂ ಸೂಕ್ಷ್ಮ.

ತೊಡಕು ಇರುವುದು ಅಳತೆಯಲ್ಲಿ. ಡಿಸ್ಕ್ 20 ಮಿ.ಮೀ. ದಪ್ಪವಿದ್ದು, ಸವೆದ ಪ್ಯಾಡ್‌ಗಳನ್ನು ತೆಗೆದ ಮೇಲೆ ಪಿಸ್ಟನ್ನಿಗೂ ಎದುರಿನ ಕ್ಯಾಲಿಪರ್ ಬೆರಳುಗಳಿಗೂ (ಹೊರಗಿನ ಪ್ಯಾಡನ್ನು ಒತ್ತುವ ಭಾಗ) ನಡುವೆ ಉಳಿಯುವ ಜಾಗ ಸುಮಾರು 37 ಮಿ.ಮೀ. ಮಾತ್ರ. ಎಂ12ರ ಉದ್ದ ನಟ್ ಒಂದೇ 36 ಮಿ.ಮೀ. ಇರುತ್ತದೆ, ಬೋಲ್ಟಿನ ತಲೆ ಏಳೂವರೆ, ಪಟ್ಟಿಗಳದ್ದು ಬೇರೆ. ಹಾಗಾಗಿ ನಟ್ಟನ್ನು ಅರ್ಧಕ್ಕೆ ಕೊಯ್ಯಬೇಕು, ಬೋಲ್ಟನ್ನೂ ಅಷ್ಟೇ ಉದ್ದಕ್ಕೆ ತುಂಡರಿಸಬೇಕು. ಕೊಯ್ದ ಮೇಲೆ ಅದು ಅಗಲಬಲ್ಲ ದೂರವೂ ಅರ್ಧವಾಗುತ್ತದೆ. ಹದಿನಾಲ್ಕು ಮಿಲಿಮೀಟರ್ ಮುಗಿಯುವ ಹೊತ್ತಿಗೆ ಬೋಲ್ಟ್ ಎರಡು ಮೂರು ತ್ರೆಡ್‌ಗಳಲ್ಲಷ್ಟೇ ತೂಗುತ್ತಿರುತ್ತದೆ. ನಡುದಾರಿಯಲ್ಲಿ ಅದನ್ನು ತೆಗೆದು, ಇನ್ನೊಂದು ಪಟ್ಟಿ ಸೇರಿಸಿ, ಮತ್ತೆ ಮೊದಲಿನಿಂದ ತಿರುಪಬೇಕು. ಲೇತ್ ಇರುವವರ ಬಳಿ ಒಂದು ಬದಿಗೆ ಎಡ ತ್ರೆಡ್, ಇನ್ನೊಂದು ಬದಿಗೆ ಬಲ ತ್ರೆಡ್ ಹಾಕಿಸಿ ಚೆನ್ನಾಗಿ ಮಾಡಬಹುದು, ಆದರೆ ಆ ಖರ್ಚಿನಲ್ಲಿ ಒಳ್ಳೆಯ ಜಿ ಕ್ಲ್ಯಾಂಪ್ ಬಂದು ಹಣ ಉಳಿಯುತ್ತದೆ. ಕ್ಲ್ಯಾಂಪಿನ ಮೈ ಹಿಂದಿನಿಂದ ಸುತ್ತಿ ಬರಲು ಜಾಗವಿಲ್ಲದ ಇಕ್ಕಟ್ಟಿನ ಕ್ಯಾಲಿಪರುಗಳಿಗೆ, ಜೋಡಿ ಪಿಸ್ಟನ್ನಿನ ದೊಡ್ಡ ಗಾಡಿಗಳಿಗೆ ಮಾತ್ರ ಈ ಶ್ರಮ ಸಾರ್ಥಕ. ಜೋಡಿ ಪಿಸ್ಟನ್ ಇದ್ದಲ್ಲಿ ಪಟ್ಟಿ ಎರಡನ್ನೂ ಒಟ್ಟಿಗೆ ಮುಚ್ಚುವಷ್ಟು ಉದ್ದವಿರಲಿ; ಒಂದನ್ನು ತಳ್ಳಿದರೆ ಇನ್ನೊಂದು ಹೊರಗೆ ಬರುತ್ತದೆ.

ಜೋಡಿ ಬೆಣೆ

ಬೈಕಿಗೆ ಮತ್ತು ಎದುರುಬದುರು ಪಿಸ್ಟನ್ ಇರುವ ಕ್ಯಾಲಿಪರಿಗೆ ಇದಕ್ಕಿಂತ ಒಳ್ಳೆಯ ಮನೆಯ ಸಾಧನವನ್ನು ನಾನು ಕಂಡಿಲ್ಲ, ಆದರೂ ಇದನ್ನು ಬಳಸುವವರು ತೀರಾ ಕಡಿಮೆ. ಬೈಕಿನ ಡಿಸ್ಕ್ ನಾಲ್ಕೈದು ಮಿಲಿಮೀಟರ್ ದಪ್ಪದ್ದು. ಕ್ಯಾಲಿಪರ್ ಕಳಚಿದಾಗ ಹಳೆಯ ಪ್ಯಾಡ್‌ಗಳ ನಡುವೆ ಅಷ್ಟೇ ಸಂದು ಸಿಗುತ್ತದೆ, ಕ್ಲ್ಯಾಂಪಾಗಲಿ ಬೋಲ್ಟಾಗಲಿ ಅಲ್ಲಿಗೆ ತೂರದು. ಹಲಸಿನ ಅಥವಾ ಸಾಗುವಾನಿಯ ಗಟ್ಟಿ ಚೂರಿನಿಂದ ಒಂದೇ ಇಳಿಜಾರಿನ ಎರಡು ತೆಳು ಬೆಣೆಗಳನ್ನು ಕೆತ್ತಿ, ಒಂದರ ಮೊನೆ ಇನ್ನೊಂದರ ಬುಡದ ಕಡೆಗೆ ಬರುವಂತೆ ಜೋಡಿಸಿ ಪ್ಯಾಡ್‌ಗಳ ನಡುವೆ ಇಳಿಸಿ. ಎರಡೂ ಕಡೆಯಿಂದ ಹೆಬ್ಬೆರಳಿನಿಂದ ಒತ್ತಿದಂತೆ ಬೆಣೆಗಳು ಒಂದರ ಮೇಲೊಂದು ಏರುತ್ತ ದಪ್ಪವಾಗುತ್ತವೆ, ಆದರೆ ಹೊರಮುಖಗಳು ಸದಾ ಸಮಾನಾಂತರವಾಗಿಯೇ ಉಳಿಯುತ್ತವೆ. ಒಂಟಿ ಬೆಣೆಯಾಗಿದ್ದರೆ ಅದು ಸ್ಕ್ರೂಡ್ರೈವರಿನ ತಮ್ಮನಷ್ಟೇ. ಜೋಡಿಯಾದಾಗ ಮಾತ್ರ ನೆಟ್ಟಗೆ ತಳ್ಳುತ್ತದೆ. ಬಾಗಿಲ ಚೌಕಟ್ಟು ಕೂರಿಸುವ ಬಡಗಿಗಳು ಬಳಸುವ ಉಪಾಯವೇ ಇದು. ಸುತ್ತಿಗೆ ಮುಟ್ಟಿಸಬಾರದು, ಹೆಬ್ಬೆರಳಿಗೆ ಆಗದಿದ್ದರೆ ಪಿಸ್ಟನ್ ಕೊಳೆಯಾಗಿದೆ ಎಂದು ಅರ್ಥ.

ಕೊಳೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಎಷ್ಟು ಒಳ್ಳೆಯ ಸಾಧನವಿದ್ದರೂ, ಹೊರಗೆ ಬಂದ ಪಿಸ್ಟನ್ನಿನ ಮೈಮೇಲಿನ ಕೆಸರು ಮತ್ತು ಬ್ರೇಕ್ ಪುಡಿಯನ್ನು ಒರೆಸದೆ ಒಳತಳ್ಳಿದರೆ ಸೀಲಿಗೆ ಮರಳು ಕಾಗದ ಉಜ್ಜಿದಂತೆ. ಬ್ರೇಕ್ ಕ್ಲೀನರ್ ಹಾಕಿದ ಹತ್ತಿಯ ಬಟ್ಟೆಯಿಂದ ಸುತ್ತಲೂ ಒರೆಸಿ. ಪುಡಿಯನ್ನು ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬೇಡಿ, ಅದು ಶ್ವಾಸಕೋಶಕ್ಕೆ ಹೋಗುವ ವಸ್ತುವಲ್ಲ. ಜಾರಲಿ ಎಂದು ಎಂಜಿನ್ ಆಯಿಲನ್ನೋ ಸಾಮಾನ್ಯ ಗ್ರೀಸನ್ನೋ ಸವರುವುದು ದೊಡ್ಡ ತಪ್ಪು, ಪೆಟ್ರೋಲಿಯಂ ಎಣ್ಣೆಗೆ ಬ್ರೇಕಿನ ರಬ್ಬರ್ ಊದುತ್ತದೆ. ಜಾರುವ ಪಿನ್ನುಗಳಿಗೂ ಬ್ರೇಕಿಗೆಂದೇ ಮಾರುವ ಗ್ರೀಸನ್ನೇ ಹಚ್ಚಿ.

ತಿರುಗಿಸಿ ಒಳಹಾಕುವ ಹಿಂದಿನ ಪಿಸ್ಟನ್

ನಮ್ಮ ರಸ್ತೆಗಳ ಬಹಳಷ್ಟು ಸಣ್ಣ ಕಾರುಗಳ ಹಿಂದಿನ ಚಕ್ರದಲ್ಲಿ ಡಿಸ್ಕಿನ ಬದಲು ಡ್ರಮ್ ಬ್ರೇಕ್ ಇರುವುದರಿಂದ ಹೆಚ್ಚಿನ ಓದುಗರಿಗೆ ಈ ಭಾಗ ಬೇಕಾಗದು. ಡಿಸ್ಕ್ ಇದ್ದು, ಹ್ಯಾಂಡ್‌ಬ್ರೇಕಿನ ಕೇಬಲ್ ನೇರವಾಗಿ ಕ್ಯಾಲಿಪರಿಗೇ ಬಂದಿದ್ದರೆ ಜಿ ಕ್ಲ್ಯಾಂಪನ್ನು ಪಕ್ಕಕ್ಕಿಡಿ. ಆ ಪಿಸ್ಟನ್ನಿನ ಒಳಗೆ ತಿರುಪಿನ ಯಂತ್ರವಿದೆ. ಅದು ತಿರುಗುತ್ತಲೇ ಒಳಹೋಗಬೇಕು, ನೇರವಾಗಿ ಒತ್ತಿದರೆ ಆ ಯಂತ್ರ ಒಡೆಯುತ್ತದೆ. ಪಿಸ್ಟನ್ನಿನ ಮುಖದ ಮೇಲೆ ಅಡ್ಡಗೀರುಗಳಿರುವುದೇ ಇದರ ಗುರುತು. ಆರು ಮಿಲಿಮೀಟರ್ ಪಟ್ಟಿಗೆ ಆ ಗೀರುಗಳ ಅಳತೆಗೆ ಎರಡು ಗೂಟಗಳನ್ನು, ಬೆನ್ನಿಗೆ ಒಂದು ನಟ್ಟನ್ನು ವೆಲ್ಡ್ ಮಾಡಿಸಿದರೆ ಸ್ಪ್ಯಾನರಿನಿಂದ ತಿರುಗಿಸುವ ಸಾಧನವಾಗುತ್ತದೆ. ನಿಮ್ಮದೇ ಗಾಡಿಯ ಅಳತೆಗೆ ಮಾಡಿಸಿದ್ದಾದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ತಿರುಗಿಸುತ್ತಲೇ ಒತ್ತಡವನ್ನೂ ಕೊಡುತ್ತಿರಬೇಕು, ಅಂಗೈ ಜಾರಿದರೆ ಗೂಟ ಬೂಟಿನ ಮೇಲೆಯೇ ಬೀಳುತ್ತದೆ. ತಿರುಗಿಸುವ ದಿಕ್ಕು ಸಾಮಾನ್ಯವಾಗಿ ಗಡಿಯಾರದ್ದಾದರೂ ಕೆಲವು ಗಾಡಿಗಳಲ್ಲಿ ಎಡ ಬಲ ಬೇರೆ ಬೇರೆ. ಮೊನಚು ಪ್ಲೈಯರಿನಿಂದ ತಿರುಗಿಸಲು ಹೋಗಬೇಡಿ. ಹ್ಯಾಂಡ್‌ಬ್ರೇಕ್ ಗುಂಡಿಯಿಂದ ನಡೆಯುವ ಕಾರಾದರೆ ಅದರ ಮೋಟರನ್ನು ಮೊದಲು ಸರ್ವಿಸ್ ಸ್ಥಿತಿಗೆ ತರಬೇಕಾಗುತ್ತದೆ, ಅದಕ್ಕೆ ಮನೆಯ ಉಪಾಯ ಸಲ್ಲದು, ಗ್ಯಾರೇಜೇ ಸರಿ.

ಆನಿಕೆ ಮತ್ತು ಕೊನೆಯ ತಪಾಸಣೆ

ನಮ್ಮಲ್ಲಿ ಅಂಗಳದಲ್ಲಿ ಸುಲಭವಾಗಿ ಸಿಗುವುದು ಮುರಕಲ್ಲು, ಹಾಗಾಗಿ ಜಾಕ್ ಸ್ಟ್ಯಾಂಡಿನ ಬದಲು ಎರಡು ಕೆಂಪುಕಲ್ಲು ಪೇರಿಸಿ ಕಾರನ್ನು ಅದರ ಮೇಲೆ ನಿಲ್ಲಿಸುವವರನ್ನು ಕಂಡಿದ್ದೇನೆ. ಒಂದು ಮಳೆಗಾಲ ನೆನೆದ ಮುರಕಲ್ಲು ಒಂದೇ ಕಡೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಸಿಮೆಂಟಿನ ಟೊಳ್ಳು ಇಟ್ಟಿಗೆಯೂ ಹಾಗೆಯೇ. ಇದೊಂದು ಸಾಧನವನ್ನು ಮಾತ್ರ ಮನೆಯಲ್ಲಿ ಮಾಡಿಕೊಳ್ಳದೆ ಉಕ್ಕಿನ ಜಾಕ್ ಸ್ಟ್ಯಾಂಡ್ ಕೊಂಡುಕೊಳ್ಳಿ. ಕದ್ರಿ, ಬಿಜೈ ಕಡೆಯ ಇಳಿಜಾರು ಅಂಗಳಗಳಲ್ಲಿ ಉಳಿದ ಚಕ್ರಗಳಿಗೆ ಮರದ ತಡೆ ಕೊಡಿ. ಬಿಚ್ಚಿದ ಕ್ಯಾಲಿಪರ್ ಹೋಸಿನಲ್ಲಿ ಜೋತಾಡದಂತೆ ಬೈಂಡಿಂಗ್ ವಯರಿನಿಂದ ಸ್ಪ್ರಿಂಗಿಗೆ ಕಟ್ಟಿ.

ಚಕ್ರ ಹಾಕಿ, ಗಾಡಿ ಅಲುಗಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತುತ್ತಿರಿ. ಹಿಂದೆ ತಳ್ಳಿದ ಪಿಸ್ಟನ್ ಪ್ಯಾಡನ್ನು ಇನ್ನೂ ಮುಟ್ಟಿರುವುದಿಲ್ಲವಾದ್ದರಿಂದ ಮೊದಲ ಕೆಲವು ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಅಂಗಳದಿಂದ ರಸ್ತೆಗೆ ಇಳಿಜಾರಿರುವ ಮನೆಯಲ್ಲಿ ಇದನ್ನು ಮರೆತರೆ ಎದುರಿನ ಕಂಪೌಂಡ್ ಗೋಡೆಯೇ ಬ್ರೇಕ್. ಪೆಡಲ್ ಗಟ್ಟಿಯಾದ ಮೇಲೆ ಡಬ್ಬಿಯ ಮಟ್ಟ ನೋಡಿ, ಬೇಕಾದರೆ ಸೀಲ್ ಒಡೆಯದ ಹೊಸ ಬಾಟಲಿಯಿಂದ ತುಂಬಿಸಿ. ಸಿರಿಂಜಿನಲ್ಲಿ ತೆಗೆದದ್ದನ್ನು ಮರಳಿ ಹಾಕಬೇಡಿ. ಮರುದಿನ ಬೆಳಿಗ್ಗೆ ಚಕ್ರದ ಒಳಬದಿಗೆ ಟಾರ್ಚ್ ಹಿಡಿದು, ಬೂಟಿನ ಸುತ್ತ ತೇವವಿದೆಯೇ, ಅದರ ಮಡಿಕೆ ಎಲ್ಲಿಯಾದರೂ ಹೊರಳಿದೆಯೇ ಎಂದು ಒಮ್ಮೆ ನೋಡಿ.